ನನ್ನನ್ನು ತಪ್ಪು ಅನ್ನುವವನು

“ಕ್ಷಮಿಸಿ, ಇದು ತಪ್ಪು!”

ಸಭಾಂಗಣದ ಹಿಂದಿನ ಸಾಲಿನಿಂದ ದನಿ ಬಂತು. ಪರದೆಯ ಮೇಲೆ ತಾನು ಅಧ್ಯಯನ ಮಾಡಿದ ಜೀವಕೋಶಗಳ ಚಿತ್ರ ತೋರಿಸುತ್ತಿದ್ದ ನೈನಾ ಮಾತು ನಿಲ್ಲಿಸಿದಳು.

ಸ್ವೀಡನ್ನಿನ ಈ ಲುಂಡ್ ವಿಶ್ವವಿದ್ಯಾಲಯದಲ್ಲಿ ಯಾರೂ ಹೀಗೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅದೂ ನೈನಾಳ ಮಾತಿಗೆ! ಗಂಡ ಸಂಕೇತ್ ತೀರಿಕೊಂಡ ಮೇಲೆ ಅವಳೆದುರು ಎಲ್ಲರ ದನಿಯೂ ತಗ್ಗಿತ್ತು. ಪ್ರಯೋಗ ಕೆಟ್ಟರೂ ಪರವಾಗಿಲ್ಲ, ಲೇಖನ ತಡವಾದರೂ ಪರವಾಗಿಲ್ಲ...

“ಗಾಯಗೊಂಡ ಕೋಶ ತನ್ನ ಪೊರೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ ಅಂದಿರಿ,” ಆತ ಎದ್ದು ನಿಂತು ಇಂಗ್ಲಿಷಿನಲ್ಲಿ ಮುಂದುವರಿಸಿದ. “ಪಕ್ಕದ ಕೋಶ ನೆರವಾಗುವುದನ್ನು ನಾನು ನೋಡಿದ್ದೇನೆ. ಮೂರು ಪೇಪರುಗಳಲ್ಲಿ ಬರೆದೂ ಇದ್ದೇನೆ.”

ಮೆಲ್ರಾಯ್! ಗೋಥೆನ್‌ಬರ್ಗ್‌ನಲ್ಲಿ ಕೂತು ಅವಳ ಕೆಲಸವನ್ನು ಪ್ರತಿ ಸಲವೂ ಅಲ್ಲಗಳೆಯುತ್ತಿದ್ದವನು ಇವನೇ!

ನೈನಾಳ ಕೆನ್ನೆ ಬಿಸಿಯಾಯಿತು.

ಫೀಕಾ ಎಂಬ ಕಾಫಿ ವಿರಾಮದ ಹೊತ್ತಿಗೆ ದಾಲ್ಚಿನ್ನಿ ಬನ್ನು ಹಿಡಿದುಕೊಂಡು ಅವನೇ ಹತ್ತಿರ ಬಂದ.

“ನಾನು ಶಿರ್ವದವನು. ನೀವು ಕುಂದಾಪುರ ಅಂತೆ?”

“ಊರು ಕೇಳ್ಕೊಂಡು ರಾಜಿ ಆಗೋಕೆ ಬಂದ್ರಾ?”

“ಅಯ್ಯೋ ಇಲ್ಲ! ಜಗಳ ಮುಂದುವರಿಸೋಕೆ. ಕನ್ನಡದಲ್ಲಾದ್ರೆ ನಂಗೆ ಸಲೀಸು.”

“ನನ್ನ ಪೇಪರನ್ನ ಎಲ್ಲರಿಗಿಂತ ಹೆಚ್ಚು ಸಲ ಉಲ್ಲೇಖಿಸಿರೋದು ಯಾರು ಗೊತ್ತಾ? ನೀವೇ! ತಪ್ಪು ತಪ್ಪು ಅಂತ ಬರೆದು ಬರೆದು ನನ್ನ ಸೈಟೇಷನ್ ಏರಿಸಿಟ್ಟಿದೀರಿ.”

“ಹಾಗಾದ್ರೆ ಕಾಫಿ ನೀವೇ ಕೊಡಿಸ್ಬೇಕು.”

“ಇಲ್ಲಿ ಕಾಫಿ ಫ್ರೀ. ನೀವೇ ಸುರ್ಕೊಳ್ಳಿ.”

ನಗಬಾರದು ಎಂದುಕೊಂಡಳು. ನಕ್ಕೇಬಿಟ್ಟಳು.

ಚಳಿಗಾಲವೆಲ್ಲ ಇಮೇಲ್‌ನಲ್ಲಿ ಜಗಳ. ಆಮೇಲೆ ಇಬ್ಬರ ಊರುಗಳ ನಡುವೆ ಸಿಗುವ ಹೆಲ್ಸಿಂಗ್‌ಬೋರ್ಗ್‌ನಲ್ಲಿ, ಬಂದರಿನ ಎದುರಿನ ಕಾಫಿ ಅಂಗಡಿಯಲ್ಲಿ, ಶನಿವಾರದ ಜಗಳ.

“ಒಂಟಿ ಕೋಶ, ಪಕ್ಕದ ಕೋಶ ಅಂತ ನನ್ನ ಬದುಕಿಗೆ ಹೋಲಿಸಿದ್ರೆ ಈ ಕಾಫಿ ನಿಮ್ಮ ಮೇಲೆ ಚೆಲ್ತೀನಿ,” ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಅವನು ಹೋಲಿಸಲಿಲ್ಲ. ಗ್ರಾಫ್ ತೋರಿಸಿ ವಾದಿಸಿದ.

ವಸಂತದಲ್ಲಿ ನೈನಾ ಡೊಸೆಂಟ್ ಪದವಿಗೆ ಅರ್ಜಿ ಹಾಕಿದಳು. ಇವಳು ಸ್ವತಂತ್ರ ಸಂಶೋಧಕಿ ಎಂದು ವಿಶ್ವವಿದ್ಯಾಲಯ ಒಪ್ಪಿಕೊಳ್ಳುವ ಮೆಟ್ಟಿಲು ಅದು. ಅವಳು ಏನು ಪ್ರಕಟಿಸಿದ್ದಾಳೆ, ಅದರಿಂದ ಯಾರ ಕೆಲಸ ಎಷ್ಟು ಬದಲಾಯಿತು ಎಂದು ಹೊರಗಿನ ತಜ್ಞರು ತೂಗಿ ನೋಡುತ್ತಾರೆ.

“ನಿನ್ನ ದುಃಖದ ವರ್ಷಗಳನ್ನು ಬಿಟ್ಟು ನೋಡಿ ಅಂತ ತಜ್ಞರಿಗೆ ಬರೆಯೋಣವೇ?” ವಿಭಾಗದ ಮುಖ್ಯಸ್ಥೆ ವಿಕ್ಟೋರಿಯಾ ಮೆಲ್ಲಗೆ ಕೇಳಿದಳು.

“ಬೇಡ. ಎಲ್ಲ ವರ್ಷಗಳೂ ನನ್ನವೇ.”

ಅದೇ ವಾರ ಮೆಲ್ರಾಯ್‌ನ ಹೊಸ ಪೇಪರಿನ ಕರಡು ಆನ್‌ಲೈನ್‌ಗೆ ಬಂತು. ಆತುರದಿಂದ ತೆರೆದಳು.

ಅವಳ ಹೆಸರೇ ಇಲ್ಲ! ಖಂಡನೆ ಇಲ್ಲ, ಉಲ್ಲೇಖವೂ ಇಲ್ಲ... ಆ ವಿಷಯದ ಮೇಲೆ ಅವಳು ಕೆಲಸವನ್ನೇ ಮಾಡಿಲ್ಲವೇನೋ ಎಂಬಂತೆ.

‘ತಪ್ಪು ಅನ್ನುವುದಕ್ಕೂ ನಾನೀಗ ಬೇಡವಾದೆನೇ?’

ಶನಿವಾರ ಕೋಟು ಕೂಡ ಬಿಚ್ಚದೆ ಅವನೆದುರು ಕುಳಿತಳು.

“ನನ್ನ ಪೇಪರ್ ಓದೋದು ಬಿಟ್ರಾ?”

ಮೆಲ್ರಾಯ್ ಕಪ್ಪು ಕೆಳಗಿಟ್ಟ. “ಹಾಗಲ್ಲ ನೈನಾ... ತಜ್ಞರು ಈಗ ನಿಮ್ಮ ಫೈಲ್ ನೋಡ್ತಿದ್ದಾರೆ. ನನ್ನ ಹೊಸ ಡೇಟಾ ನಿಮಗೆ ವಿರುದ್ಧ ಇದೆ. ಈಗ ನಾನು ಬರೆದ್ರೆ ನಿಮ್ಮ ಡೊಸೆಂಟ್ ಹೋದ್ರೂ ಹೋಗ್ಬಹುದು. ನೀವು ಈಗಾಗ್ಲೇ ಎಷ್ಟು ಕಳ್ಕೊಂಡಿದೀರಿ...”

“ನಿಲ್ಸಿ!”

ಪಕ್ಕದ ಮೇಜಿನ ಅಜ್ಜಿ ತಿರುಗಿ ನೋಡಿದಳು. ನೈನಾ ದನಿ ತಗ್ಗಿಸಲಿಲ್ಲ.

“ಗಂಡ ಸತ್ತ ಅಂತ ನನ್ನ ಪೇಪರಿಗೂ ಬಿಳಿ ಸೀರೆ ಉಡಿಸ್ತೀರಾ? ನಮ್ಮತ್ತೆ ಕೂಡ ನಂಗದನ್ನ ಉಡಿಸ್ಲಿಲ್ಲ!”

ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದ.

“ಎಲ್ಲರೂ ನನ್ನನ್ನ ಗಾಜಿನ ತಟ್ಟೆ ಹಿಡ್ಕೊಂಡ ಹಾಗೆ ಹಿಡ್ಕೊಂಡ್ರು. ನೀವೊಬ್ಬರೇ ಎದ್ದು ನಿಂತು ತಪ್ಪು ಅಂದಿದ್ದು. ಅವತ್ತು ನಂಗೆ... ನಂಗೆ ಹಸಿವಾಯ್ತು ಮೆಲ್ರಾಯ್! ಎಷ್ಟೋ ದಿನದ ಮೇಲೆ ಊಟ ರುಚಿಸ್ತು. ಅದನ್ನೂ ಕಿತ್ಕೊಂಡ್ರಾ?”

ಅವನು ಕಿಟಕಿಯಾಚೆ ನೋಡಿದ. ಡೆನ್ಮಾರ್ಕಿಗೆ ಹೊರಟ ಹಡಗು ಬಂದರು ಬಿಡುತ್ತಿತ್ತು.

“ಕರುಣೆಯಿಂದ ಮಾಡಿದ್ದಲ್ಲ,” ಎಂದ ಕೊನೆಗೆ. “ನಿಮ್ಮ ಮೇಲೆ ಪ್ರೀತಿ ಹುಟ್ಟಿಬಿಟ್ಟಿದೆ. ಅದಾದ ಮೇಲೆ ನೀವು ತಪ್ಪು ಅನ್ನೋ ಸಾಲು ಬರೆಯೋಕೆ ಕೈ ಬರ್ಲಿಲ್ಲ. ನಂದೇ ತಪ್ಪು.”

ಆ ಮಾತು ಅವಳನ್ನು ತಟ್ಟಿತು. ಆದರೂ ಗದ್ದ ಎತ್ತಿದಳು.

“ಪ್ರೀತಿ ಇದ್ರೆ ಬರೀರಿ. ಬಿದ್ರೆ ನನ್ನ ಡೇಟಾದಿಂದ ಬೀಳ್ತೀನಿ. ನೀವು ಬಾಯಿ ಮುಚ್ಕೊಂಡಿದ್ದಕ್ಕೆ ಸಿಗೋ ಡೊಸೆಂಟ್ ನಂಗೆ ಬೇಡ!”

ಮೆಲ್ರಾಯ್ ಲ್ಯಾಪ್‌ಟಾಪ್ ತೆರೆದ. ಬಹಳ ಹೊತ್ತು ಬರೆದ. ಪರದೆಯನ್ನು ಅವಳ ಕಡೆ ತಿರುಗಿಸಿದ.

‘ನಮ್ಮ ಫಲಿತಾಂಶಗಳು ನೈನಾ ಅವರ ತೀರ್ಮಾನವನ್ನು ಬಹುಶಃ ಒಪ್ಪುವುದಿಲ್ಲ...’

ನೈನಾ ಅದನ್ನು ಎರಡು ಸಲ ಓದಿದಳು. ಇಷ್ಟು ವರ್ಷದ ದುಡಿಮೆ ಈ ಒಂದು ಸಾಲಿನಿಂದ ಅಲುಗಾಡಬಹುದು...

“‘ಬಹುಶಃ’ ತೆಗೀರಿ. ಇಷ್ಟು ಮೆತ್ತಗೆ ಬೇಡ.”

ತೆಗೆದ.

“ಇದನ್ನ ನಾನು ಸುಳ್ಳು ಅಂತ ತೋರಿಸ್ತೀನಿ, ನೋಡ್ತಾ ಇರಿ.”

“ತೋರ್ಸಿ. ಕಾಯ್ತೀನಿ.”

ತಿದ್ದಿದ ಪೇಪರನ್ನು ಅವಳೆದುರೇ ಮತ್ತೆ ಆನ್‌ಲೈನ್‌ಗೆ ಏರಿಸಿದ. ಇನ್ನು ತಜ್ಞರು ಏನಾದರೂ ಅನ್ನಲಿ! ನೈನಾ ನಿಧಾನವಾಗಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

“ಮನೆ ಗೋಡೆ ಮೇಲೆ ಸಂಕೇತ್ ಫೋಟೋ ಇದೆ,” ಎಂದಳು. “ತೆಗೆಯಲ್ಲ.”

“ತೆಗೀರಿ ಅಂದ್ನಾ ನಾನು?”

“ಅದರೆದುರೇ ಕೂತು ಊಟ ಮಾಡ್ಬೇಕಾಗುತ್ತೆ.”

“ಕೂರ್ತೀನಿ.” ಅವನು ಮುಂದಕ್ಕೆ ಬಾಗಿ ಕೇಳಿದ. “ಮೀನು ಇರುತ್ತಾ?”

“ಇರುತ್ತೆ. ಖಾರ ಜಾಸ್ತಿ ಹಾಕ್ತೀನಿ.”

“ಹಾಕಿ... ಇವತ್ತೇ ಬರ್ಲಾ?”

ಮೇಜಿನ ಮೇಲಿದ್ದ ಅವನ ಕೈಯ ಮೇಲೆ ಅವಳು ತನ್ನ ಕೈ ಇಟ್ಟಳು.

“ಬನ್ನಿ.”