ಮಾತು ಬರೆಯುವ ಪ್ರೋಗ್ರಾಂ

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಒಂದು ಮಧ್ಯಾಹ್ನ ನಮ್ಮ ಬೀದಿಯ ಹೊಲಿಗೆ ಅಕ್ಕ ತೀರಿಹೋದ ಮಗಳ ಲ್ಯಾಪ್‌ಟಾಪ್ ತಂದರು. "ಆಮೆ ಥರ ತೆವಳುತ್ತೆ ತಮ್ಮಾ, ನೋಡು."

ಆಡಿದ ಮಾತನ್ನು ಅಕ್ಷರವಾಗಿಸುವ ಪ್ರೋಗ್ರಾಂ ಒಂದು ಹಿನ್ನೆಲೆಯಲ್ಲಿ ಓಡುತ್ತಿತ್ತು.

"ಕೈಗೆ ಶಕ್ತಿ ಇರಲಿಲ್ಲ, ಬಾಯಲ್ಲೇ ಹೇಳಿ ಬರೀತಿದ್ಲು," ಎಂದರು ಅಕ್ಕ.

ನಿಲ್ಲಿಸಿದೆ, ತಾನಾಗಿಯೇ ಶುರುವಾಯಿತು. ಮೂರು ಸಲ ಹಾಗೇ ಆಯಿತು. ಲ್ಯಾಪ್‌ಟಾಪ್ ಬಿಚ್ಚಿ ಒಳಗಿನ ಮೈಕಿನ ತಂತಿಯನ್ನೇ ಕಿತ್ತೆ. ಅಷ್ಟು ಓಡಿದರೂ ಲ್ಯಾಪ್‌ಟಾಪ್ ಮಂಜಿನಷ್ಟು ತಣ್ಣಗಿತ್ತು. ಪರದೆಯ ಮೇಲೆ ಅಕ್ಷರಗಳು ಮೂಡಿದವು: "ಅಮ್ಮಾ, ಎಲ್ಲಿದ್ದೀಯ?"

"ಇಲ್ಲೇ ಇದ್ದೀನಿ ಕಂದಾ," ಎಂದರು ಅಕ್ಕ.

ಬರಹ ನಿಂತಿತು. ಲ್ಯಾಪ್‌ಟಾಪ್ ಸರಾಗವಾಗಿ ಓಡತೊಡಗಿತು. ಅಕ್ಕ ನನ್ನ ಕೈ ಹಿಡಿದು, "ಮೊದಲಿನ ಹಾಗೇ ತೆವಳೋ ಥರ ಮಾಡಿಕೊಡು ತಮ್ಮಾ," ಎಂದು ಅತ್ತರು. ಸಂಜೆಯವರೆಗೂ ಹುಡುಕಿದೆ. ಆ ಪ್ರೋಗ್ರಾಂ ಅದರಲ್ಲಿ ಎಲ್ಲೂ ಇರಲಿಲ್ಲ.