ದೊಡ್ಡ ಡಿಸ್ಕು

“ಅಪ್ಪಾ, ಇನ್ಮೇಲೆ ನೀವು ಶೆಡ್ಡಿಗೆ ಬರಬೇಡಿ...”

ಹೇಳಿದ ಮಗಳು ತಲೆಯೆತ್ತಲಿಲ್ಲ. ಬದುಕಿಡೀ ಕಬ್ಬಿಣದ ಗೇಟು, ಕಿಟಕಿ ಮಾಡಿ ಆ ಶೆಡ್ಡನ್ನು ನಿಲ್ಲಿಸಿದ್ದ ಮುದುಕ, ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಮೈಯಲ್ಲಿ ಕಸುವು ಕುಗ್ಗಿದ ಮೇಲೆ ಅವನು ಕೆಲಸವನ್ನೆಲ್ಲ ಮನೆ ಅಳಿಯನಿಗೆ ಒಪ್ಪಿಸಿದ್ದ. ನಾಲಿಗೆಯನ್ನು ಮಾತ್ರ ಒಪ್ಪಿಸಿರಲಿಲ್ಲ.

ಅಳಿಯನಿಗೆ ಅದೇ ಮುಳ್ಳಾಗಿತ್ತು. ಹಿಂದಿನ ದಿನ ಅವನು ಕಬ್ಬಿಣ ಕೊಯ್ಯುವ ಸಣ್ಣ ಗ್ರೈಂಡರಿಗೆ ಮರೆಯಾಗಿದ್ದ ಗಾರ್ಡಿನ ತಗಡು ಬಿಚ್ಚಿ, ದೊಡ್ಡ ಮಿಷಿನ್ನಿನ ಡಿಸ್ಕನ್ನು ಅದಕ್ಕೆ ಕೂಡಿಸಲು ಹೊರಟಾಗ ಮಾವ ಗಿರಾಕಿಗಳ ಎದುರೇ ಅಡ್ಡ ನಿಂತಿದ್ದ. ಸಣ್ಣ ಮಿಷಿನ್ನು ತಿರುಗುವ ವೇಗವನ್ನು ದೊಡ್ಡ ಡಿಸ್ಕು ತಡೆಯುವುದಿಲ್ಲ, ಒಡೆದು ಹಾರಿದರೆ ಯಾರ ಮುಖ ಎಂದು ನೋಡುವುದಿಲ್ಲ ಎಂದಿದ್ದ. ಗಿರಾಕಿಗಳು ನಕ್ಕಿದ್ದರು. ಶೆಡ್ಡಿನಲ್ಲಿ ನಿಮ್ಮಪ್ಪ ಇರಬೇಕು, ಇಲ್ಲವೇ ನಾನು ಎಂದು ಅಳಿಯ ಹೆಂಡತಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಮುದುಕ ವಾದಿಸಲಿಲ್ಲ. “ಆಯ್ತಮ್ಮ. ಆ ಡಿಸ್ಕು ಮಾತ್ರ ಹಾಕಬೇಡಿ ಅಂತ ನೀನಾದ್ರೂ ಹೇಳು” ಎಂದು ಎದ್ದುಹೋದ.

ಅವಳು ಹೇಳಲಿಲ್ಲ. ಒಂದು ದಿನವಾದರೂ ಮನೆಯಲ್ಲಿ ಜಗಳವಿಲ್ಲದಿರಲಿ ಎಂದುಕೊಂಡಳು...

ಮಧ್ಯಾಹ್ನ ಅವಳು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಶೆಡ್ಡಿನಿಂದ ಗ್ರೈಂಡರಿನ ಸದ್ದು ಎದ್ದಿತು. ದಿನವೂ ಕೇಳುವ ಸದ್ದಲ್ಲ. ಹಲ್ಲು ಜುಮ್ಮೆನ್ನಿಸುವಷ್ಟು ಕೀರಲು. ಒಳಗೆ ಅಡ್ಡಾಗಿದ್ದ ಅಪ್ಪ ಬರಿಗಾಲಲ್ಲೇ ಓಡಿಬಂದ. “ಮೇನ್ ಸ್ವಿಚ್ ಆರಿಸು!” ಅವಳು ಬಾಗಿಲು ದಾಟುವಷ್ಟರಲ್ಲೇ ಏನೋ ಸಿಡಿಯಿತು. ಹಿಂದೆಯೇ ಗಂಡನ ಚೀತ್ಕಾರ ಕೇಳಿತು.

ಎಡಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯ ಮಂಚದ ಅಂಚಿನಲ್ಲಿ ಕೂತು ಅವಳು ಬಿಕ್ಕಿದಳು. “ಅಪ್ಪ ಹೇಳು ಅಂದಿದ್ರು... ನಾನು ಬಾಯಿ ಬಿಡಲಿಲ್ಲ ರೀ...”

“ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ” ಎಂದ ಅವನು. ಬಾಗಿಲಲ್ಲಿ ನಿಂತಿದ್ದ ಮಾವನನ್ನು ಕಂಡು ಅವನು ಏಳಲು ನೋಡಿದ. “ಬೈದುಬಿಡಿ ಮಾವ.”

ಮುದುಕ ಸ್ಟೂಲು ಎಳೆದು ಕೂತ. ಹೇಳಲೋ ಬೇಡವೋ ಎಂಬಂತೆ ಬಾಯಿ ತೆರೆದ. “ಒಂದೇ ಕಣ್ಣಾದ್ರೆ ಯಾವುದು ಎಷ್ಟು ದೂರ ಇದೆ ಅಂತ ಸರಿಯಾಗಿ ತಿಳಿಯಲ್ಲ. ಯಾವ ಸಾಮಾನೇ ಆಗ್ಲಿ, ಮೊದಲು ಬೆರಳಲ್ಲಿ ಮುಟ್ಟಿ ನೋಡಿ, ಆಮೇಲೆ ಎತ್ಕೊಳ್ಳಿ...” ಅಷ್ಟಕ್ಕೇ ಅಳುಕಿ ನಿಲ್ಲಿಸಿದ.

“ಯಾಕೆ ನಿಲ್ಲಿಸಿದ್ರಿ? ಹೇಳಿ ಮಾವ” ಎಂದ ಅಳಿಯ. ಮಾವನ ಕೈ ಹಿಡಿಯಲೆಂದು ಅವನು ಚಾಚಿದ ಕೈ ಬರಿಗಾಳಿಯನ್ನು ಹಿಡಿಯಿತು.

ಮುದುಕ ಸ್ಟೂಲನ್ನು ಹತ್ತಿರಕ್ಕೆ ಸರಿಸಿಕೊಂಡ.