ತೊಟ್ಟಿಲು ನಡೆದ ದಾರಿ

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಕನಕರಾಯ ಅರ್ಧ ದಾರಿಗೇ ಗೋಡೆ ಹಿಡಿದು ಕುಳಿತುಬಿಟ್ಟಾಗ ಪ್ರಿಯದರ್ಶಿನಿಗೆ ಮೊದಲು ಬಂದದ್ದು ಗಾಬರಿ. ಆಮೇಲೆ ಬಂದದ್ದು ಸಿಟ್ಟು. ಎಂಥ ಸಿಟ್ಟೆಂದರೆ ಕಿವಿಯೆಲ್ಲ ಬಿಸಿಯಾಯಿತು.

ರಾಯಚೂರಿನ ಆ ಆಸ್ಪತ್ರೆಯವರು ಹೃದಯದ ರೋಗಿಗಳ ಫೋನಿಗೆ ಒಂದು ಆಪ್ ಹಾಕಿ, ಕೈಗೊಂದು ಪಟ್ಟಿ ಕಟ್ಟಿ ಮನೆಗೆ ಕಳಿಸುತ್ತಿದ್ದರು. ಪಟ್ಟಿ ಹೆಜ್ಜೆ ಎಣಿಸುತ್ತದೆ. ಆಪ್ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ತೋರಿಸುತ್ತದೆ. ಇಬ್ಬರೂ ನಡೆದರೆ ಹಸಿರು ದೀಪ. ಒಬ್ಬರು ಕುಳಿತರೂ ಇಬ್ಬರಿಗೂ ಕೆಂಪು. ಕೆಂಪು ಹೆಚ್ಚಾದರೆ ಜೋಡಿ ಬದಲು. ಮಾನ್ವಿಯ ಹೈಸ್ಕೂಲ್ ಟೀಚರ್ ಪ್ರಿಯದರ್ಶಿನಿಗೆ ಜೋಡಿಯಾಗಿ ಸಿಕ್ಕವನು ದೇವದುರ್ಗದ ಟೇಲರ್ ಕನಕರಾಯ. ಆಕೆಗೆ ಎದೆಯ ಆಪರೇಷನ್ ಆಗಿತ್ತು, ಅವನಿಗೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಅದರಿಂದಾಗಿ ಇಬ್ಬರ ಮನೆಯಲ್ಲೂ ಮದುವೆಯ ಮಾತು ಅಲ್ಲಿಗೇ ನಿಂತಿತ್ತು.

ಆಕೆ ಚಪ್ಪಲಿ ಮೆಟ್ಟಿ ಹೊರಟರೆ ಓಣಿಯ ಕಟ್ಟೆಗಳ ಮೇಲೆ ಒಂದೇ ಮಾತು: "ಎದಿ ಕೊಯ್ಸಿಕೊಂಡಾಕಿ ಹೊಂಟ್ಳು ನೋಡು." ತಿರುಗಿ ಮನೆ ಸೇರೋಣ ಎನಿಸಿದಾಗೆಲ್ಲ ಫೋನಿನಲ್ಲಿ ಹಸಿರು ದೀಪ. ಅಷ್ಟು ದೂರದಲ್ಲಿ ಒಬ್ಬ ತನ್ನ ಜೊತೆ ನಡೆಯುತ್ತಿದ್ದಾನೆ! ಸಂಜೆಗೆ ಅವನದೊಂದು ವಾಯ್ಸ್ ಮೆಸೇಜು: "ಟೀಚರ್, ಇವತ್ತು ನಿಮ್ಮ ಹೆಜ್ಜಿ ಭಾಳ ಗಡಿಬಿಡ್ಯಾಗ ಇದ್ದುವಲ್ಲ, ನಾಯಿ ಬೆನ್ನಹತ್ತಿತ್ತೇನು?" ಆಕೆ ಅದನ್ನು ಮತ್ತೆ ಮತ್ತೆ ಕೇಳಿ ಒಬ್ಬಳೇ ನಗುತ್ತಿದ್ದಳು.

ಇವತ್ತು ಇಬ್ಬರನ್ನೂ ತಪಾಸಣೆಗೆ ಒಟ್ಟಿಗೆ ಕರೆಸಿದ್ದರು. ಮುಖ ನೋಡಿದ್ದು ಇದೇ ಮೊದಲು. ಪಡಸಾಲೆಯಲ್ಲಿ ನಡೆಸಿ ನೋಡುವ ಪರೀಕ್ಷೆ. ಆಕೆ ಆ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಅವನು ನೆಲಕ್ಕೆ ಕುಳಿತಿದ್ದ.

ನರ್ಸ್ ನಾಡಿ ನೋಡಿ, "ತೊಂದ್ರಿ ಏನಿಲ್ಲ, ನಡಿಯೋ ರೂಢಿ ತಪ್ಪ್ಯದ. ದಿನಾ ಸಾವಕಾಶ ಸ್ವಲ್ಪ ಸ್ವಲ್ಪ ನಡೀರಿ" ಎಂದು ಬೆಂಚಿನ ಮೇಲೆ ಕೂರಿಸಿ ಹೋದಳು.

"ದಿನಾ ಹಸಿರು ದೀಪ ಹಚ್ಚೋ ಮನಿಷ್ಯಾಗ ರೂಢಿ ಹೆಂಗ ತಪ್ತದ್ರೀ?" ಎಂದಳು ಪ್ರಿಯದರ್ಶಿನಿ.

ಅವನು ತಲೆ ಎತ್ತಲಿಲ್ಲ. "ನಾ ನಡದೇ ಇಲ್ರೀ ಟೀಚರ್."

"ಮತ್ತ ಆ ಹೆಜ್ಜಿ ಯಾರವು?"

"ತೊಟ್ಟಿಲದ್ದು. ತಂಗಿ ಬಾಣಂತನಕ್ಕ ಬಂದಾಳ. ಪಟ್ಟಿ ತೊಟ್ಟಿಲ ಹಗ್ಗಕ್ಕ ಕಟ್ಟಿದ್ದೆ. ನಮ್ಮವ್ವ ತೂಗ್ತಿದ್ಲು."

ಬೇರೆ ದಿನವಾಗಿದ್ದರೆ ಆಕೆ ಬಿದ್ದು ಬಿದ್ದು ನಗುತ್ತಿದ್ದಳು. "ಅಂದ್ರ ಬಿಸಲಾಗ, ಮಂದಿ ಬಾಯಿಗೆ ಬಿದ್ದು, ನಾ ಒಂದು ತೊಟ್ಟಿಲ ಜೋಡಿ ನಡದೀನಿ! ನನ್ನ ಹೆಜ್ಜಿಗೆ ಹೆಸರಿಡಾಕ ಬಾಯಿ ಇತ್ತು, ಖರೇ ಹೇಳಾಕ ಇರ್ಲಿಲ್ಲೇನ್ರೀ?"

"ಕೆಂಪು ಬಂದ್ರ ಜೋಡಿ ಬದ್ಲಿ ಮಾಡ್ತಾರಲ್ರೀ." ಅವನ ದನಿ ಇಳಿಯಿತು. "ನಿಮ್ಮನ್ನ ಬ್ಯಾರೆದವ್ರ ಜೋಡಿ ಹಾಕಿದ್ರ..."

ಸೆರಗಿನ ತುದಿ ತಿರುವುತ್ತಿದ್ದ ಆಕೆಯ ಬೆರಳು ನಿಂತವು. ಸಿಟ್ಟು ಮಾತ್ರ ನಿಲ್ಲಲಿಲ್ಲ.

"ಅದಕ್ಕಂತ ಜೀವಾ ಕಳ್ಕೋತೀರೇನು? ಯಾಕ ನಡೀಲಿಲ್ಲ, ಅದನ್ನ ಹೇಳ್ರಿ."

"ಬಸ್‌ಸ್ಟ್ಯಾಂಡಿಗೆ ಹೋಗೋ ದಾರ್ಯಾಗ, ಮೆಡಿಕಲ್ ಅಂಗಡಿ ಮುಂದ ಅಟ್ಯಾಕ್ ಆಗಿ ಬಿದ್ದಿದ್ದೆ. ಹೊಸ್ತಿಲ ದಾಟಿದ್ರ ಆ ಜಾಗ ಕಣ್ಮುಂದ ಬರ್ತದ. ಕಾಲ ಏಳಂಗಿಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಪ್ರಿಯದರ್ಶಿನಿ ಫೋನು ತೆಗೆದಳು. ಗುಳಿಗೆ ನುಂಗಿದಿರಾ, ಉಪ್ಪು ಕಡಿಮೆ ಮಾಡಿದಿರಾ, ತೂಕ ಎಷ್ಟು, ಆಪ್ ಎಲ್ಲವನ್ನೂ ಕೇಳಿತ್ತು. ಅಂಜಿಕೆ ಆಗುತ್ತದೆಯೇ ಎಂದು ಎಲ್ಲಿಯೂ ಕೇಳಿರಲಿಲ್ಲ. ಆಕೆ ನೆಟ್ಟಗೆ ಕೌಂಟರಿಗೆ ಹೋದಳು.

"ನಿಮ್ಮ ಆರೋಗ್ಯ ನಿಮ್ಮ ಕೈಯಾಗ ಅಂತ ಗ್ವಾಡಿ ತುಂಬ ಬರದೀರಿ. ಅಂಜಿಕಿ ಆಗ್ತದ ಅಂತ ಹೇಳ್ಕೊಳ್ಳಾಕ ಆಪಿನಾಗ ಒಂದು ಬಟನ್ ಇಲ್ಲ!"

"ಮ್ಯಾಲಿನವ್ರಿಗೆ ಬರದು ಕಳಸ್ತೀವ್ರಿ ಮೇಡಂ."

"ಕಳಸ್ರಿ. ಅಲ್ಲೀತನ ಈ ಮನಿಷ್ಯಾ ತೊಟ್ಟಿಲ ತೂಗ್ಕೊಂತ ಕೂಡಬೇಕೇನು?"

ತಿರುಗಿ ಬಂದವಳೇ ಕನಕರಾಯನ ಮುಂದೆ ನಿಂತಳು. "ನಾಳಿ ಮುಂಜಾನಿ ನಾ ಫೋನ್ ಹಚ್ತೀನಿ. ಮಾತಾಡ್ಕೊಂತ ನಡೀರಿ. ಪಟ್ಟಿ ಬಿಚ್ಚಿ ಇಡ್ರಿ. ನಿಮ್ಮ ಉಸಿರು ನಾ ಕೇಳ್ತೀನಿ."

"ಕೆಂಪು ಬರ್ತದಲ್ರೀ."

"ಬರ್ಲಿ. ಜೋಡಿ ಬದ್ಲಿ ಮಾಡಾಕ ಅವ್ರ್ಯಾರು?"

ತಾನು ಅಂದದ್ದರ ಇನ್ನೊಂದು ಅರ್ಥ ಆಕೆಗೆ ಹೊಳೆದದ್ದು ಮಾನ್ವಿಗೆ ಮರಳುವ ಬಸ್ಸಿನಲ್ಲಿ. ಕಿವಿ ಮತ್ತೆ ಬಿಸಿಯಾಯಿತು.

ಮರುದಿನ ಅವನು ಹೊಸ್ತಿಲು ದಾಟಿದ. ಹಿಂದಿನಿಂದ ಅವನ ತಾಯಿ ಮಾನಮ್ಮ, "ಯಪ್ಪಾ, ಎದಿ ಒಡದೀತು, ಒಳಗ ಬಾರೋ" ಎಂದು ಕೂಗುವುದು ಫೋನಿನಲ್ಲೇ ಕೇಳಿತು. ಅದರ ಮುಂದಿನ ವಾರ ಓಣಿಯ ತಿರುವಿನ ತನಕ ನಡೆದ. ಒಂದು ದಿನ ಅವನ ಮಾತು ತಟ್ಟನೆ ನಿಂತಿತು. ಉಸಿರಷ್ಟೇ.

"ಟೀಚರ್, ಇದ ಆ ಅಂಗಡಿ."

"ನಾ ಇಲ್ಲೇ ಅದೀನಿ. ಅವಸರಿಲ್ಲ."

ಅವತ್ತು ಅವನು ಅಲ್ಲಿಂದಲೇ ತಿರುಗಿದ. ಆಕೆ ಬೈಯಲಿಲ್ಲ.

ಆಮೇಲಿನ ಭಾನುವಾರ ಆಕೆ ಫೋನು ಹಚ್ಚುವ ಮೊದಲೇ ಅವನ ಫೋನು ಬಂತು. ಹಿಂದೆ ಬಸ್ಸಿನ ಸದ್ದು.

"ಅಂಗಡಿ ದಾಟಿದೆ. ಬಸ್‌ಸ್ಟ್ಯಾಂಡ್ ಮುಟ್ಟಿದೆ. ಮುಟ್ಟಿದ ಮ್ಯಾಲ ಸುಮ್ನ ಯಾಕ ತಿರುಗೂದು ಅಂತ ಮಾನ್ವಿ ಬಸ್ ಹತ್ತೀನಿ."

"ಯಾರನ್ನ ಕೇಳಿ ಹತ್ತಿದ್ರಿ?"

"ಈಗ ಕೇಳಾಕತ್ತೀನಲ್ರೀ. ನಿಮ್ಮ ಜೋಡಿ ಕಡೀತನ ನಡಿಯೋ ಮನಸ್ಸದ. ಮಾನ್ವ್ಯಾಗ ಇಳೀಲೋ, ತಿರುಗಿ ಹೋಗ್ಲೋ?"

ಫೋನಿನ ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು. ಆಕೆ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಬಸ್‌ಸ್ಟ್ಯಾಂಡಿನಿಂದ ನಮ್ಮನಿಗೆ ಆಟೋ ಹತ್ತಿ ಬಂದ್ರ ನೋಡ್ರಿ ಮತ್ತ! ಇಳದು ಅಲ್ಲೇ ನಿಂದರ್ರಿ. ಕೂಡೇ ನಡಕೊಂತ ಬರೂಣು. ನಮ್ಮ ಓಣಿ ಮಂದಿ ಕಣ್ಣು ತುಂಬ ನೋಡ್ಲಿ."